ತಾಳ್ಮೆಯ ಪಾಠ ಯಾರಿಗೆ?

ಕನ್ನಡ ನಾಡಿನಲ್ಲಿ ಹುಟ್ಟಿ ಬೆಳೆದ ಯಾರಿಗೂ 'ತಾಳಿದವನು ಬಾಳಿಯಾನು' ಎಂಬ ಗಾದೆಯನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಗಾದೆ ಸುಳ್ಳೇನೂ ಅಲ್ಲ. ಬಿತ್ತಿದ ರೈತ ಮಳೆಗಾಗಿ ಕಾಯುತ್ತಾನೆ. ಬಸುರಿ ದಿನ ತುಂಬುವವರೆಗೆ ಕಾಯುತ್ತಾಳೆ. ರೋಗಿ ಔಷಧ ಮೈಗೆ ಹತ್ತುವವರೆಗೆ ಕಾಯುತ್ತಾನೆ. ಇಲ್ಲೆಲ್ಲ ಯಾರೂ ಯಾರನ್ನೂ ಕಾಯಿಸುತ್ತಿಲ್ಲ. ಸೃಷ್ಟಿಯ ಕ್ರಮವೇ ಹಾಗಿದೆ. ಆದರೆ ಒಬ್ಬ ಮನುಷ್ಯನು ಮತ್ತೊಬ್ಬ ಮನುಷ್ಯನನ್ನು ಬೇಕೆಂದೇ ಕಾಯಿಸುವಾಗಲೂ ನಾವು ಅದೇ ಗಾದೆಯನ್ನು ಮುಂದಿಡುತ್ತೇವಲ್ಲ, ನನ್ನ ತಕರಾರು ಇರುವುದು ಅಲ್ಲಿ.

ದುಡಿಯುವ ಸ್ಥಳದಲ್ಲಿ ತನಗಾದ ಅನ್ಯಾಯವನ್ನು ಬರೆದು ಮಾಲೀಕನ ಕೈಗಿತ್ತು, ವಾರಗಟ್ಟಲೆ, ತಿಂಗಳುಗಟ್ಟಲೆ ಉತ್ತರದ ದಾರಿ ಕಾಯುವ ನೌಕರನಿಗೆ ಸಮಾಜ ಹೇಳುವ ಮೊದಲ ಮಾತು, 'ಸ್ವಲ್ಪ ತಾಳ್ಮೆ ಇರಲಿ' ಎಂಬುದು. ಮನೆಯ ಹಿರಿಯರು ಹೇಳುತ್ತಾರೆ, ನೆರೆಹೊರೆಯವರು ಹೇಳುತ್ತಾರೆ, ಅನೇಕ ಸಲ ನಮ್ಮ ದೇವಾಲಯಗಳ ಪ್ರಬೋಧನಾ ಪೀಠದಿಂದಲೂ ಅದೇ ಮಾತು ಕೇಳಿಬರುತ್ತದೆ. ಉತ್ತರ ಕೊಡಬೇಕಾದವನ ಬಳಿಗೆ ಹೋಗಿ, 'ಇಷ್ಟು ದಿನವಾಯಿತು, ನೀನೇಕೆ ಬಾಯಿ ಬಿಡುತ್ತಿಲ್ಲ?' ಎಂದು ಕೇಳುವವರು ಮಾತ್ರ ಕಾಣಸಿಗರು. ತಾಳ್ಮೆಯೆಂಬ ಸದ್ಗುಣವನ್ನು ನಾವು ತಪ್ಪು ಬಾಗಿಲಿಗೆ ತಲುಪಿಸುತ್ತಿದ್ದೇವೆ.

ನಮ್ಮ ದಾವಣಗೆರೆಯನ್ನೇ ತೆಗೆದುಕೊಳ್ಳಿ. ಒಂದು ಕಾಲದಲ್ಲಿ ಹತ್ತಿ ಗಿರಣಿಗಳಿಂದಾಗಿ 'ಕರ್ನಾಟಕದ ಮ್ಯಾಂಚೆಸ್ಟರ್' ಎನಿಸಿಕೊಂಡಿದ್ದ ಊರಿದು. ಹತ್ತಿರದ ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ನಾಡಿನಾದ್ಯಂತ ಹೆಸರು ಮಾಡಿದ್ದವು. ಆ ದಿನಗಳಲ್ಲಿ ಕಾರ್ಮಿಕನ ದೂರು ಒಬ್ಬಂಟಿಯಾಗಿರಲಿಲ್ಲ. ಗಿರಣಿಯ ಬಾಗಿಲಲ್ಲಿ ಸಂಘದ ಬಾವುಟವಿತ್ತು. ಒಬ್ಬನ ಅಹವಾಲನ್ನು ಹತ್ತು ಜನ ಹೊತ್ತು ಒಳಗೆ ಹೋಗುತ್ತಿದ್ದರು. ಕಾರ್ಮಿಕ ನಾಯಕ ಪಂಪಾಪತಿಯವರನ್ನು ಒಂದಕ್ಕಿಂತ ಹೆಚ್ಚು ಬಾರಿ ವಿಧಾನಸಭೆಗೆ ಕಳುಹಿಸಿದ ಊರಿದು ಎಂಬುದನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ಆ ಸಂಘಗಳ ರಾಜಕೀಯವನ್ನು ಎಲ್ಲರೂ ಒಪ್ಪಬೇಕೆಂದಿಲ್ಲ. ಆದರೆ ಅವುಗಳಿದ್ದಾಗ ಮಾಲೀಕನಿಗೆ ಮೌನವಾಗಿರುವುದು ಸುಲಭವಿರಲಿಲ್ಲ.

ಗಿರಣಿಗಳು ಒಂದೊಂದಾಗಿ ನಿಂತುಹೋದವು, ಕಿರ್ಲೋಸ್ಕರ್ ಕಾರ್ಖಾನೆಯೂ ಬಾಗಿಲು ಮುಚ್ಚಿತು. ಇಂದು ಈ ಅವಳಿ ಊರುಗಳ ಯುವಜನರಿಗೆ ಕೆಲಸ ಕೊಡುತ್ತಿರುವುದು ಹೆಚ್ಚಾಗಿ ಆಸ್ಪತ್ರೆಗಳು, ಖಾಸಗಿ ಶಾಲೆ-ಕಾಲೇಜುಗಳು, ಬಟ್ಟೆ ಮತ್ತು ಚಿನ್ನದ ಅಂಗಡಿಗಳು, ಹಣಕಾಸು ಸಂಸ್ಥೆಗಳು. ಎಸ್.ಎಸ್. ಬಡಾವಣೆಯಂಥ ವಸತಿ ಪ್ರದೇಶದಲ್ಲಿ ಬೆಳಿಗ್ಗೆ ಎಂಟರ ಹೊತ್ತಿಗೆ ನಿಂತು ನೋಡಿದರೆ ಇದು ತಾನಾಗಿ ತಿಳಿಯುತ್ತದೆ. ಸಮವಸ್ತ್ರ ಧರಿಸಿ ಹೊರಡುವ ನರ್ಸುಗಳು, ಊಟದ ಡಬ್ಬಿ ಹಿಡಿದ ಶಿಕ್ಷಕಿಯರು, ಅಂಗಡಿ ಕೆಲಸದ ಹುಡುಗರು ಒಂದು ಕಡೆಯಿಂದ. ಅದೇ ಬಡಾವಣೆಯ ಮನೆಗಳಿಗೆ ಪಾತ್ರೆ ತೊಳೆಯಲು, ನೆಲ ಒರೆಸಲು ಬರುವ ಹೆಂಗಸರು ಮತ್ತೊಂದು ಕಡೆಯಿಂದ. ಇವರಲ್ಲಿ ಹೆಚ್ಚಿನವರಿಗೆ ಸಂಘವಿಲ್ಲ, ಬಾವುಟವಿಲ್ಲ. ದೂರು ಇದ್ದರೆ ಒಬ್ಬೊಬ್ಬರೇ ಬರೆಯಬೇಕು, ಒಬ್ಬೊಬ್ಬರೇ ಕೊಡಬೇಕು, ಒಬ್ಬೊಬ್ಬರೇ ಕಾಯಬೇಕು.

ಈ ಕಾಯುವಿಕೆ ಹೇಗಿರುತ್ತದೆಂದು ಬಲ್ಲವರೇ ಬಲ್ಲರು. ಖಾಸಗಿ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಒಬ್ಬ ಹೆಣ್ಣುಮಗಳು, ಹೆಸರು ಬೇಡ. ಸಂಬಳದ ಚೀಟಿಯಲ್ಲಿ ತಿಂಗಳು ತಿಂಗಳೂ ಭವಿಷ್ಯನಿಧಿಗೆಂದು ಹಣ ಕಡಿತವಾಗುತ್ತದೆ, ಪಿ.ಎಫ್. ಪಾಸ್‌ಬುಕ್ ತೆರೆದು ನೋಡಿದರೆ ಎಂಟು ತಿಂಗಳಿಂದ ಒಂದು ರೂಪಾಯಿಯೂ ಜಮೆಯಾಗಿಲ್ಲ. ಆಕೆ ವಿನಯದಿಂದಲೇ ಒಂದು ಪತ್ರ ಬರೆದುಕೊಟ್ಟಳು. 'ಇಟ್ಟು ಹೋಗಮ್ಮ, ನೋಡೋಣ' ಎಂದರು. ಸ್ವೀಕೃತಿಯ ಮೊಹರು ಕೇಳಿದ್ದಕ್ಕೆ, 'ನಮ್ಮ ಮೇಲೇ ನಂಬಿಕೆ ಇಲ್ಲವೇ?' ಎಂದರು. ಒಂದು ತಿಂಗಳಾಯಿತು, ಸಾಹೇಬರು ಊರಲ್ಲಿಲ್ಲ. ಎರಡು ತಿಂಗಳಾಯಿತು, ಆಡಿಟ್ ನಡೆಯುತ್ತಿದೆ. ಮೂರನೆಯ ತಿಂಗಳಿಗೆ ಆಕೆಯ ಕುರ್ಚಿ ಬಾಗಿಲ ಪಕ್ಕಕ್ಕೆ ಬಂತು. ಜೊತೆಯವರು ಊಟಕ್ಕೆ ಕರೆಯುವುದನ್ನು ಬಿಟ್ಟರು. ಮನೆಯಲ್ಲಿ ತಾಯಿಯದು ಒಂದೇ ಮಾತು: 'ಸುಮ್ನಿರವ್ವಾ, ಇರೋ ಕೆಲ್ಸಾನೂ ಹೋದ್ರೆ ಏನ್ ಮಾಡ್ತಿ?' ಆ ತಾಯಿಯನ್ನು ನಾನು ದೂರಲಾರೆ. ಭಯ ಅವಳ ಅನುಭವದಿಂದ ಬಂದದ್ದು. ಆದರೆ ಆ ಭಯವನ್ನೇ ಬಂಡವಾಳ ಮಾಡಿಕೊಂಡು ಸುಮ್ಮನೆ ಕುಳಿತವನನ್ನು ದೂರದಿರಲು ಸಾಧ್ಯವೇ?

ಇಲ್ಲಿ ಒಂದು ವಿಷಯವನ್ನು ಸ್ಪಷ್ಟವಾಗಿ ಅರಿಯಬೇಕು. ಮಾಲೀಕನ ಮೌನ ಬರಿದಾದ ಮೌನವಲ್ಲ, ಅದೊಂದು ಕ್ರಿಯೆ. 'ಇಲ್ಲ' ಎಂದು ಬರೆದುಕೊಟ್ಟರೆ ಆ ಕಾಗದವನ್ನು ಹಿಡಿದು ನೌಕರ ಮೇಲಿನವರ ಬಳಿಗೆ ಹೋಗಬಲ್ಲ. 'ಹೌದು' ಎಂದರೆ ತಪ್ಪನ್ನು ಸರಿಪಡಿಸಬೇಕು. ಏನನ್ನೂ ಹೇಳದಿದ್ದರೆ ಎರಡೂ ಹೊರೆಯಿಲ್ಲ. ಕಾಲ ತನ್ನಷ್ಟಕ್ಕೆ ಕೆಲಸ ಮಾಡುತ್ತದೆ: ಕಾಯುವವನು ದಣಿಯುತ್ತಾನೆ, ಸಾಕ್ಷಿಗಳು ಮರೆಯುತ್ತಾರೆ, ಕೊನೆಗೆ ಆತನೇ ರಾಜೀನಾಮೆ ಬರೆದು ಹೊರಡುತ್ತಾನೆ. ಆಗ 'ನಾವು ಯಾರನ್ನೂ ತೆಗೆದುಹಾಕಿಲ್ಲ' ಎಂದು ಸಂಸ್ಥೆ ನೆಮ್ಮದಿಯಿಂದ ಹೇಳಿಕೊಳ್ಳಬಹುದು. ಕೈಗೆ ರಕ್ತ ಅಂಟದಂತೆ ಮಾಡುವ ಹಿಂಸೆಯಿದು.

ಹೀಗೆ ಕಾಯಿಸುವುದರ ಅಂತ್ಯ ಎಲ್ಲಿಗೆ ಮುಟ್ಟಬಹುದೆಂಬುದನ್ನು ನಮ್ಮ ರಾಜ್ಯ 2020ರಲ್ಲಿ ಕಂಡಿದೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ತೈವಾನ್ ಮೂಲದ ವಿಸ್ಟ್ರಾನ್ ಕಂಪನಿ ಐಫೋನ್ ತಯಾರಿಸುವ ಕಾರ್ಖಾನೆ ನಡೆಸುತ್ತಿತ್ತು. ಸಾವಿರಾರು ಯುವಕ ಯುವತಿಯರು, ಅವರಲ್ಲಿ ಬಹುಪಾಲು ಗುತ್ತಿಗೆ ನೌಕರರು, ಅಲ್ಲಿ ದುಡಿಯುತ್ತಿದ್ದರು. ಹೇಳಿದಷ್ಟು ಸಂಬಳ ಬರುತ್ತಿಲ್ಲ, ಹೆಚ್ಚುವರಿ ದುಡಿಮೆಗೆ ಸರಿಯಾದ ಲೆಕ್ಕವಿಲ್ಲ ಎಂಬುದು ಅವರ ದೂರು. ಕೇಳಿದರೆ ಕಂಪನಿ ಗುತ್ತಿಗೆದಾರನತ್ತ, ಗುತ್ತಿಗೆದಾರ ಕಂಪನಿಯತ್ತ ಬೆರಳು ತೋರಿಸುವುದು ಇಂಥ ವ್ಯವಸ್ಥೆಯಲ್ಲಿ ಹೊಸತೇನಲ್ಲ. ಆ ವರ್ಷದ ಡಿಸೆಂಬರ್ 12ರ ಬೆಳಿಗ್ಗೆ, ಪಾಳಿ ಬದಲಾಗುವ ಹೊತ್ತಿಗೆ, ಸಿಟ್ಟು ಕಟ್ಟೆಯೊಡೆಯಿತು. ಗಾಜುಗಳು ಒಡೆದವು, ಯಂತ್ರಗಳು ಮುರಿದವು, ವಾಹನಗಳಿಗೆ ಬೆಂಕಿ ಬಿತ್ತು. ನೂರಕ್ಕೂ ಹೆಚ್ಚು ಜನ ಬಂಧಿತರಾದರು.

ಆ ಹಿಂಸೆಯನ್ನು ಸಮರ್ಥಿಸಲು ಯಾವ ಕ್ರೈಸ್ತನಿಗೂ ಸಾಧ್ಯವಿಲ್ಲ. ಆದರೆ ಮುಂದೇನಾಯಿತೆಂಬುದನ್ನೂ ಗಮನಿಸಬೇಕು. ರಾಜ್ಯದ ಕಾರ್ಖಾನೆಗಳ ಇಲಾಖೆ ತಪಾಸಣೆ ನಡೆಸಿ ಸಂಬಳ ಹಾಗೂ ಹಾಜರಾತಿಯ ವ್ಯವಸ್ಥೆಯಲ್ಲಿ ಲೋಪಗಳನ್ನು ಕಂಡಿತು. ಒಂದೇ ವಾರದಲ್ಲಿ ಕಂಪನಿ, ಕೆಲವು ಕಾರ್ಮಿಕರಿಗೆ ಸರಿಯಾಗಿ ಹಾಗೂ ಸಕಾಲಕ್ಕೆ ಸಂಬಳ ಕೊಟ್ಟಿರಲಿಲ್ಲವೆಂದು ಒಪ್ಪಿ ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ಹುದ್ದೆಯಿಂದ ತೆಗೆಯಿತು. ಆಪಲ್ ಸಂಸ್ಥೆ ಆ ಕಾರ್ಖಾನೆಗೆ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. 2023ರಲ್ಲಿ ಅದು ಟಾಟಾ ಸಮೂಹದ ಪಾಲಾಯಿತು. ಅಂದರೆ ಬೆಂಕಿ ಹತ್ತಿದ ಮೇಲೆ ಏಳು ದಿನಗಳಲ್ಲಿ ಸಿಕ್ಕ ಉತ್ತರ, ಬೆಂಕಿಗೆ ಮೊದಲು ಸಿಕ್ಕಿರಲಿಲ್ಲ. ಉತ್ತರ ಕೊಡಲು ಸಮಯ ಸಾಲದೆ ಹೀಗಾಯಿತೆಂದು ಯಾರು ತಾನೇ ನಂಬಿಯಾರು? ಅಂಥ ವಿಳಂಬದಿಂದ ದುಡಿಯುವವರು ಕಲಿಯುವ ಪಾಠ ಭಯಂಕರವಾದದ್ದು: ಕಾಗದಕ್ಕೆ ಕಿವಿಯಿಲ್ಲ, ಕಲ್ಲಿಗೆ ಇದೆ.

ಪವಿತ್ರ ಗ್ರಂಥ ಈ ವಿಷಯದಲ್ಲಿ ಏನು ಹೇಳುತ್ತದೆ? ತಾಳ್ಮೆಗೆ ಹೆಸರಾದ ಯೋಬನನ್ನೇ ಕೇಳೋಣ. ಕಾಯುವವರಿಗೆಲ್ಲ ನಾವು ಯೋಬನ ಉದಾಹರಣೆ ಕೊಡುತ್ತೇವೆ. ಆದರೆ ಆತನ ಗ್ರಂಥದ 31ನೆಯ ಅಧ್ಯಾಯವನ್ನು ಓದಿದವರು ಎಷ್ಟು ಮಂದಿ? ಅಲ್ಲಿ ಯೋಬ ಮಾತನಾಡುವುದು ಒಬ್ಬ ಮಾಲೀಕನಾಗಿ. ತನ್ನ ಆಳಾಗಲಿ ತೊತ್ತಾಗಲಿ ತನ್ನ ವಿರುದ್ಧವೇ ದೂರು ತಂದಾಗ ಅದನ್ನು ತಾನು ಅಲಕ್ಷಿಸಿದ್ದರೆ, ದೇವರು ವಿಚಾರಣೆಗೆ ಎದ್ದು ನಿಂತಾಗ ತಾನು ಏನೆಂದು ಉತ್ತರಿಸಲಿ ಎಂದು ಆತ ನಡುಗುತ್ತಾನೆ. ತನ್ನನ್ನೂ ಆ ಆಳನ್ನೂ ತಾಯಿಯ ಗರ್ಭದಲ್ಲಿ ರೂಪಿಸಿದಾತ ಒಬ್ಬನೇ ಎಂಬುದು ಅವನು ಕೊಡುವ ಕಾರಣ. ದೂರಿಗೆ ಕಿವಿಗೊಡದ ಮಾಲೀಕ ದೇವರ ಮುಂದೆ ಬಾಯಿಲ್ಲದವನಾಗುತ್ತಾನೆ. ಯೋಬನ ತಾಳ್ಮೆಯನ್ನು ನೌಕರನಿಗೆ ಬೋಧಿಸುವವರು ಯೋಬನ ನಡುಕವನ್ನು ಮಾಲೀಕನಿಗೂ ಬೋಧಿಸಬೇಡವೇ?

ಮೋಶೆಯ ಕಾಲದಲ್ಲಿ ಚಲ್ಪಹಾದನ ಐವರು ಹೆಣ್ಣುಮಕ್ಕಳು ದೇವದರ್ಶನದ ಗುಡಾರದ ಬಾಗಿಲಿಗೆ ಬಂದು, ತಂದೆಯ ಆಸ್ತಿಯಲ್ಲಿ ತಮಗೇಕೆ ಪಾಲಿಲ್ಲವೆಂದು ಎಲ್ಲರೆದುರು ಕೇಳಿದರು. ಮೋಶೆ ಅವರನ್ನು ಗದರಲಿಲ್ಲ, ಮುಂದಿನ ವರ್ಷ ಬನ್ನಿ ಎನ್ನಲಿಲ್ಲ. ದೂರನ್ನು ದೇವರ ಸನ್ನಿಧಿಗೆ ಒಯ್ದ. ಅವರ ಮಾತು ನ್ಯಾಯವಾದದ್ದೆಂದು ದೇವರು ಒಪ್ಪಿ ನಿಯಮವನ್ನೇ ತಿದ್ದಿದರು. ಇನ್ನು ಆದಿ ಧರ್ಮಸಭೆ: ದಿನದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರಿಗೆ ಅನ್ಯಾಯವಾಗುತ್ತಿದೆ ಎಂದು ಗ್ರೀಕ್ ಭಾಷೆಯ ವಿಶ್ವಾಸಿಗಳು ಗೊಣಗಿದಾಗ, ಪ್ರೇಷಿತರು ತಾಳ್ಮೆಯ ಮೇಲೆ ಪ್ರವಚನ ಕೊಡಲಿಲ್ಲ. ಸಭೆ ಕರೆದರು, ಏಳು ಮಂದಿಯನ್ನು ನೇಮಿಸಿದರು. ಸ್ತೇಫನನಿಂದ ಹಿಡಿದು ನಿಕೊಲಾಸನವರೆಗೆ ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳು ಎಂಬುದನ್ನು ಗಮನಿಸಿ. ದೂರು ಕೊಟ್ಟವರ ಕಡೆಯವರ ಕೈಗೇ ಹಂಚಿಕೆಯನ್ನು ಒಪ್ಪಿಸಲಾಯಿತು. ಧರ್ಮಸಭೆಯ ಸೇವಾಪಾಲನೆಗಳಲ್ಲೊಂದು ಹುಟ್ಟಿದ್ದೇ ಒಂದು ದೂರಿಗೆ ಸಿಕ್ಕ ಉತ್ತರವಾಗಿ.

ಪ್ರಭು ಯೇಸು ಹೇಳಿದ ವಿಧವೆ ಮತ್ತು ನ್ಯಾಯಾಧಿಪತಿಯ ಸಾಮತಿಯನ್ನೂ ಕಾಯುವವರ ಸಮಾಧಾನಕ್ಕೆ ಬಳಸುವ ರೂಢಿಯಿದೆ. ಆದರೆ ಆ ವಿಧವೆ ಮನೆಯಲ್ಲಿ ಕುಳಿತು ಕಾಯಲಿಲ್ಲ. ಮತ್ತೆ ಮತ್ತೆ ಹೋಗಿ ಬಾಗಿಲು ತಟ್ಟಿದಳು. ಬಹುಕಾಲ ಅವಳ ಮೊರೆಗೆ ಓಗೊಡದಿದ್ದವನನ್ನು ಪ್ರಭು ಅನ್ಯಾಯಗಾರನೆಂದೇ ಕರೆದರು.

'ಪಿಲಾತನ ಮುಂದೆ ಯೇಸು ಮೌನವಾಗಿರಲಿಲ್ಲವೇ? ನಾವೂ ಸಹಿಸಿಕೊಳ್ಳಬೇಕು' ಎಂದು ಭಕ್ತರು ಕೆಲವರು ವಾದಿಸುವುದುಂಟು. ಅದರ ಹಿಂದಿನ ರಾತ್ರಿಯ ಇನ್ನೊಂದು ಘಟನೆಯನ್ನು ಅವರು ಮರೆಯುತ್ತಾರೆ. ಪ್ರಧಾನ ಯಾಜಕನ ಆಳೊಬ್ಬ ಕೆನ್ನೆಗೆ ಹೊಡೆದಾಗ, ತಾನು ಆಡಿದ್ದರಲ್ಲಿ ತಪ್ಪಿದ್ದರೆ ತೋರಿಸು, ಇಲ್ಲವಾದರೆ ಹೊಡೆದದ್ದೇಕೆಂದು ಹೇಳು ಎಂದು ಯೇಸು ನೇರವಾಗಿ ಕಾರಣ ಕೇಳಿದರು. ಮರಳಿ ಹೊಡೆಯಲಿಲ್ಲ, ಉತ್ತರ ಕೇಳುವುದನ್ನೂ ಬಿಡಲಿಲ್ಲ. ಕ್ರೈಸ್ತ ಸಹನೆಯ ನಿಜವಾದ ಅರ್ಥ ಇದೇ.

ಇನ್ನು ಮಾಲೀಕರ ಕಡೆಯ ವಾದಗಳು. 'ಸುಳ್ಳು ದೂರುಗಳೂ ಬರುತ್ತವೆ' ಎನ್ನುತ್ತಾರೆ. ಬರುತ್ತವೆ, ಸಂಶಯವಿಲ್ಲ. ಸುಳ್ಳು ದೂರಿಗೆ ಮದ್ದು ಶೀಘ್ರ ವಿಚಾರಣೆ. ವಿಚಾರಣೆಯೇ ಇಲ್ಲದಿದ್ದರೆ ಸುಳ್ಳು ಆರೋಪಕ್ಕೆ ಗುರಿಯಾದ ನಿರಪರಾಧಿಯೂ ಅದೇ ಸಂಶಯದ ನೆರಳಿನಲ್ಲಿ ಉಳಿಯುತ್ತಾನೆ. 'ನಮ್ಮದು ಚಿಕ್ಕ ಸಂಸ್ಥೆ, ಕೈಯಲ್ಲಿ ಹಣವಿಲ್ಲ' ಎನ್ನುತ್ತಾರೆ. ಹಣವಿಲ್ಲವೆಂಬುದೂ ಒಂದು ಉತ್ತರವೇ. ಅದನ್ನು ಬರೆದುಕೊಡಲಿ, ಯಾವಾಗ ಕೊಡುವೆವೆಂದು ದಿನಾಂಕ ಹಾಕಲಿ. 'ನಾವೆಲ್ಲ ಒಂದೇ ಕುಟುಂಬವಿದ್ದಂತೆ, ಇಲ್ಲಿ ದೂರು ಗೀರು ಏಕೆ?' ಎನ್ನುತ್ತಾರೆ. ಮಗಳು ಮೂರು ತಿಂಗಳಿನಿಂದ ಒಂದು ಪ್ರಶ್ನೆ ಕೇಳುತ್ತಿದ್ದರೂ ತಂದೆ ಮುಖವೆತ್ತಿ ನೋಡದ ಮನೆಯನ್ನು ಕುಟುಂಬವೆಂದು ಕರೆಯಲಾದೀತೇ?

ದೇಶದ ಕಾನೂನು ಈ ಮೌನಕ್ಕೆ ಗಡುವು ಹಾಕಿದೆ. ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆಯಂತೆ ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಸ್ಥಳಗಳವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು, ವರದಿ ಬಂದ 60 ದಿನಗಳಲ್ಲಿ ಮಾಲೀಕ ಕ್ರಮ ಕೈಗೊಳ್ಳಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಂತೆ ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಯಲ್ಲಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಅದರಲ್ಲಿ ಮಾಲೀಕರ ಹಾಗೂ ಕಾರ್ಮಿಕರ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿರಬೇಕು. ದೂರನ್ನು 30 ದಿನಗಳಲ್ಲಿ ತೀರ್ಮಾನಿಸಬೇಕೆಂಬುದು ಅದರ ಆಶಯ. ಅದೇ ದಿನ ಜಾರಿಯಾದ ವೇತನ ಸಂಹಿತೆಯಂತೆ ತಿಂಗಳ ಸಂಬಳ ಮುಂದಿನ ತಿಂಗಳ 7ನೆಯ ತಾರೀಖಿನೊಳಗೆ ಕೈಸೇರಬೇಕು. ಭವಿಷ್ಯನಿಧಿಗೆಂದು ನೌಕರನ ಸಂಬಳದಿಂದ ಕಡಿತ ಮಾಡಿ ಜಮೆ ಮಾಡದಿರುವುದನ್ನು ಕಾನೂನು ನಂಬಿಕೆದ್ರೋಹದ ಅಪರಾಧವೆಂದೇ ಪರಿಗಣಿಸುತ್ತದೆ.

ಗಡುವುಗಳು ದೂರುದಾರರಿಗೂ ಇವೆಯೆಂಬುದನ್ನು ನಮ್ಮ ಕುಟುಂಬಗಳು ಮರೆಯಬಾರದು. ಲೈಂಗಿಕ ಕಿರುಕುಳದ ದೂರನ್ನು ಸಾಮಾನ್ಯವಾಗಿ ಮೂರು ತಿಂಗಳೊಳಗೆ ಲಿಖಿತವಾಗಿ ಕೊಡಬೇಕು. ಕುಂದುಕೊರತೆ ಸಮಿತಿಗೆ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ಮೇಲಧಿಕಾರಿಯ ಮೇಜಿನ ಮೇಲಿಟ್ಟುಬಂದ ಪತ್ರಕ್ಕೆ ಉತ್ತರ ಬರಲೆಂದು ಕಾಯುತ್ತ ಕುಳಿತರೆ ಈ ಅವಧಿ ಸದ್ದಿಲ್ಲದೆ ಮುಗಿದುಹೋಗುತ್ತದೆ. ಹಾಗಿರುವಾಗ 'ಇನ್ನೂ ಸ್ವಲ್ಪ ಕಾಯಿ' ಎಂಬ ಸಲಹೆ ದೂರುದಾರಳ ಕೈಯಲ್ಲಿದ್ದ ಹಕ್ಕನ್ನೇ ಕಿತ್ತುಕೊಳ್ಳಬಹುದು.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಮನೆಯಂಗಳಕ್ಕೇ ಬರೋಣ. ಆ ಕೈಗಾರಿಕಾ ಸಂಬಂಧಗಳ ಸಂಹಿತೆ ಕೆಲವು ವಿನಾಯಿತಿಗಳನ್ನು ಕೊಟ್ಟಿದೆ. ಧರ್ಮಾರ್ಥ ಹಾಗೂ ಸಮಾಜಸೇವೆಯಲ್ಲಿ ತೊಡಗಿದ ಸಂಘಟನೆಗಳು ನಡೆಸುವ ಸಂಸ್ಥೆಗಳನ್ನು ಅದು 'ಕೈಗಾರಿಕೆ' ಎಂಬ ವ್ಯಾಖ್ಯೆಯಿಂದ ಹೊರಗಿಟ್ಟಿದೆ, ಮನೆಗೆಲಸವನ್ನೂ ಹೊರಗಿಟ್ಟಿದೆ. ಶಾಲಾ ಶಿಕ್ಷಕರಂತೂ ಕಾನೂನಿನ ಅರ್ಥದಲ್ಲಿ 'ಕಾರ್ಮಿಕ'ರಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1988ರಲ್ಲೇ ಹೇಳಿತ್ತು. ಧರ್ಮಸಭೆಯ ಯಾವ ಶಾಲೆಗೆ, ಯಾವ ಆಸ್ಪತ್ರೆಗೆ ಈ ವಿನಾಯಿತಿ ಅನ್ವಯಿಸುತ್ತದೆ ಎಂಬುದನ್ನು ವಕೀಲರು ಚರ್ಚಿಸಲಿ. ವಿಶ್ವಾಸಿಗಳು ಕೇಳಬೇಕಾದ ಪ್ರಶ್ನೆ ಬೇರೆ. ಜಗದ್ಗುರು ಹದಿಮೂರನೆಯ ಲಿಯೋರವರು 1891ರಲ್ಲಿ 'ರೇರುಮ್ ನೊವಾರುಮ್' ಎಂಬ ವಿಶ್ವಪತ್ರವನ್ನು ಹೊರಡಿಸಿ ಕಾರ್ಮಿಕರ ಪರವಾಗಿ ದನಿಯೆತ್ತಿದರು. ಸಂತ ಎರಡನೆಯ ಜಾನ್ ಪೌಲರು 1981ರಲ್ಲಿ 'ಲಾಬೋರೆಮ್ ಎಕ್ಸೆರ್ಚೆನ್ಸ್' ಬರೆದು ದುಡಿಮೆಗಿಂತ ದುಡಿಯುವ ವ್ಯಕ್ತಿ ದೊಡ್ಡವನೆಂದು ಸಾರಿದರು. ಕೂಲಿಗಾರನಿಗೆ ಮಾಡುವ ಅನ್ಯಾಯವನ್ನು ಸ್ವರ್ಗಕ್ಕೆ ಮೊರೆಯಿಡುವ ಪಾಪಗಳ ಸಾಲಿನಲ್ಲಿ ನಮ್ಮ ಧರ್ಮೋಪದೇಶ ಸೇರಿಸಿದೆ. ಈ ಬೋಧನೆಯನ್ನು ಲೋಕಕ್ಕೆ ಸಾರುವ ಸಂಸ್ಥೆಗಳು ತಮ್ಮ ಶಿಕ್ಷಕಿಯ ಪತ್ರಕ್ಕೆ ಉತ್ತರಿಸದಿರಲು ಕಾನೂನಿನ ವಿನಾಯಿತಿಯ ಮರೆಯಲ್ಲಿ ಅಡಗುವುದಾದರೆ, ಗಿರಣಿ ಮಾಲೀಕನಿಗೆ ಬುದ್ಧಿ ಹೇಳಲು ಅವುಗಳಿಗೆ ಯಾವ ನಾಲಗೆ ಉಳಿಯುತ್ತದೆ? ಕಾನೂನು ಕೇಳದಿದ್ದರೂ ಪ್ರತಿಯೊಂದು ಕ್ರೈಸ್ತ ಸಂಸ್ಥೆಯಲ್ಲೂ ದೂರು ಆಲಿಸುವ ಸಮಿತಿಯೊಂದು ಇರಬೇಕು, ಅದರಲ್ಲಿ ನೌಕರರೂ ಇರಬೇಕು, ಅದಕ್ಕೆ ಗಡುವೂ ಇರಬೇಕು.

ಹಾಗೆಯೇ ಮನೆಗಳು. ಎಸ್.ಎಸ್. ಬಡಾವಣೆಯಲ್ಲಾಗಲಿ ಹರಿಹರದಲ್ಲಾಗಲಿ ಕೆಲಸದಾಕೆಯನ್ನು ಇಟ್ಟುಕೊಂಡಿರುವ ಪ್ರತಿಯೊಂದು ಕುಟುಂಬವೂ ಮಾಲೀಕನ ಸ್ಥಾನದಲ್ಲಿದೆ. 'ಅಮ್ಮಾ, ಎರಡು ವರ್ಷವಾಯಿತು, ಸಂಬಳ ಹೆಚ್ಚಿಸಿ' ಎಂದು ಆಕೆ ಬಾಗಿಲ ಬಳಿ ನಿಂತು ಕೇಳಿದಾಗ 'ನೋಡೋಣ' ಎಂದು ಒಳಗೆ ಹೋಗುವುದೂ, ದೊಡ್ಡ ಸಂಸ್ಥೆಯ ಸಾಹೇಬರು ಕಡತವನ್ನು ಪಕ್ಕಕ್ಕೆ ಸರಿಸುವುದೂ ಒಂದೇ ಜಾತಿಯ ಪಾಪ. ಆಕೆಯ ಅಹವಾಲು ಕಾಗದದ ಮೇಲಿಲ್ಲದಿರಬಹುದು. ದೇವರ ಕಿವಿಗೆ ಕಾಗದ ಬೇಕಾಗಿಲ್ಲ.

ಮಾಲೀಕರಿಂದ ನಾವು ಕೇಳುವುದು ಅಸಾಧ್ಯವಾದದ್ದೇನಲ್ಲ. ದೂರು ಬಂದ ದಿನವೇ ಸ್ವೀಕೃತಿಗೆ ಒಂದು ಸಹಿ, ಇಂಥ ದಿನದೊಳಗೆ ಉತ್ತರ ಕೊಡುತ್ತೇವೆಂಬ ಒಂದು ದಿನಾಂಕ, ಆ ದಿನ ಕಾರಣಸಹಿತವಾದ ಒಂದು ಉತ್ತರ, ಕೇಳಿದ್ದಕ್ಕಾಗಿ ಕಿರುಕುಳವಿಲ್ಲವೆಂಬ ಭರವಸೆ. ದೂರುದಾರನು ಬಯಸಿದ್ದೆಲ್ಲವೂ ಸಿಗಲೇಬೇಕೆಂದು ಯಾರೂ ಹೇಳುತ್ತಿಲ್ಲ. ಮನುಷ್ಯನೆಂದು ಗಣಿಸಿ ಮುಖಕ್ಕೆ ಮುಖ ಕೊಟ್ಟು ಮಾತನಾಡಿರಿ ಎಂಬುದಷ್ಟೇ ಬೇಡಿಕೆ.

ಧರ್ಮಕೇಂದ್ರಗಳಿಗೂ ಕೆಲಸವಿದೆ. ಜಗದ್ಗುರು ಹನ್ನೆರಡನೆಯ ಪಿಯುಸ್‌ರವರು 1955ರಲ್ಲಿ ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವೆಂದು ಘೋಷಿಸಿದರು. ಆ ದಿನ ಪೂಜೆಯ ನಂತರ ಸಿಹಿ ಹಂಚುವುದರ ಜೊತೆಗೆ, ನಮ್ಮಲ್ಲಿ ಯಾರ್‍ಯಾರು ಉತ್ತರಕ್ಕಾಗಿ ಕಾಯುತ್ತಿದ್ದಾರೆಂದು ಪಾಲನಾ ಮಂಡಳಿ ವಿಚಾರಿಸಲಿ. ದೂರನ್ನು ಸರಿಯಾಗಿ ಬರೆಯಲು ಬಲ್ಲವರೊಬ್ಬರು ನೆರವಾಗಲಿ. ಪ್ರತಿಯೊಂದನ್ನು ಇಟ್ಟುಕೊಂಡು ನೋಂದಣಿಯೊಂದಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಲಿ. ಗಡುವು ಮೀರಿದರೆ ಸಮಿತಿಗೆ, ಕಾರ್ಮಿಕ ಇಲಾಖೆಯ ಕಚೇರಿಗೆ, ಭವಿಷ್ಯನಿಧಿ ಕಚೇರಿಗೆ ಜೊತೆಯಲ್ಲಿ ಹೋಗಲಿ. ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯ ಮಾತೆಯ ಸನ್ನಿಧಿಗೆ ದೂರದೂರದಿಂದ ಜನ ಹರಿದುಬಂದು ತಮ್ಮ ಅಹವಾಲುಗಳನ್ನು ಅರ್ಪಿಸುತ್ತಾರೆ. ಕಾನಾ ಊರಿನ ಮದುವೆಮನೆಯಲ್ಲಿ ದ್ರಾಕ್ಷಾರಸ ತೀರಿದ್ದನ್ನು ಕಂಡ ಆ ತಾಯಿ, ಆತಿಥೇಯರಿಗೆ ತಾಳ್ಮೆಯನ್ನು ಉಪದೇಶಿಸಲಿಲ್ಲ. ಕೊರತೆಯನ್ನು ಉತ್ತರ ಕೊಡಬಲ್ಲವರ ಬಳಿಗೆ ತಾನೇ ಒಯ್ದಳು. ಆಕೆಯ ಮಕ್ಕಳೆನಿಸಿಕೊಂಡವರು ಮಾಡಬೇಕಾದ ಕೆಲಸ ಅದೇ. ಕಾಯುವವರ ಬೆನ್ನು ತಟ್ಟಿ ಮನೆಗೆ ಕಳುಹಿಸುವುದನ್ನು ಇನ್ನು ನಿಲ್ಲಿಸೋಣ. ಅವರೊಂದಿಗೆ ಹೋಗಿ ಬಾಗಿಲು ತಟ್ಟೋಣ.